ಹಣ್ಣು ಮತ್ತು ಸಾಂಬಾರ ಪದಾರ್ಥಗಳ ಗಿಡಮೂಲಿಕೆ ಚಹಾವನ್ನು ರುಚಿ ನೋಡುವ ಕ್ರಮ: ಸಮಗ್ರ ಮಾರ್ಗದರ್ಶಿ

ಪೊಟ್ಟಣದ ಮೇಲೆ ಸೇಬು ಮತ್ತು ಚಕ್ಕೆಯ ಚಿತ್ರವಿರುತ್ತದೆ. ಬಿಸಿನೀರು ಸುರಿದು, ಐದಾರು ನಿಮಿಷ ಬಿಟ್ಟು ಕುಡಿದರೆ ಮೊದಲು ಸಿಗುವುದು ಹುಳಿ, ಅದರ ಹಿಂದೆಯೇ ಸಣ್ಣಗೆ ಒಗರು, ಕಡೆಯಲ್ಲಿ ಎಲ್ಲೋ ಚಕ್ಕೆಯ ಸುಳಿವು. ಸೇಬು ಎಲ್ಲಿ ಹೋಯಿತೆಂದು ಪೊಟ್ಟಣವನ್ನು ತಿರುಗಿಸಿ ನೋಡಿದರೆ, ಸಾಮಗ್ರಿಗಳ ಪಟ್ಟಿಯ ಮೊದಲ ಹೆಸರು ಹೆಚ್ಚಾಗಿ ಹಿಬಿಸ್ಕಸ್ ಎಂದಿರುತ್ತದೆ. ನಮ್ಮಲ್ಲಿ ಸಾಮಗ್ರಿಗಳನ್ನು ತೂಕದ ಇಳಿಕೆಯ ಕ್ರಮದಲ್ಲಿಯೇ ಮುದ್ರಿಸಬೇಕೆಂಬ ನಿಯಮವಿರುವುದರಿಂದ, ಮೊದಲು ಬರೆದದ್ದೇ ಬಟ್ಟಲಿನಲ್ಲಿ ಹೆಚ್ಚು ಇರುವ ವಸ್ತು. ಇಂತಹ ಪಾನೀಯವನ್ನು ಕುಡಿದು "ಚೆನ್ನಾಗಿದೆ" ಅಥವಾ "ಏನೋ ಹುಳಿ" ಎನ್ನುವಷ್ಟಕ್ಕೇ ನಿಲ್ಲದೆ, ಅದರೊಳಗೆ ಯಾವುದು ಯಾವ ಹೊತ್ತಿಗೆ, ಮೂಗಿಗೆ ಬಂತೋ ನಾಲಿಗೆಗೆ ಬಂತೋ ಎಂದು ಬಿಡಿಸಿ ಗುರುತಿಸಲು ಕಲಿಯುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ. ಅದಕ್ಕೆ ನಾನು ಕಂಡ ದಾರಿ ಒಂದೇ: ಮಿಶ್ರಣಕ್ಕೆ ಕೈಹಾಕುವ ಮೊದಲು ಅದರ ಒಂದೊಂದು ಪದಾರ್ಥವನ್ನೂ ಪ್ರತ್ಯೇಕ ಬಟ್ಟಲಿನಲ್ಲಿ ರುಚಿ ನೋಡಬೇಕು, ಮತ್ತು ಪ್ರತಿ ಗುಟುಕಿನಲ್ಲಿಯೂ ರುಚಿ ಬರುವ ಹೊತ್ತನ್ನು ಗಮನಿಸಬೇಕು.

ಚಹಾ ಎಂಬ ಮಾತಿನ ಬಗ್ಗೆ ಮೊದಲೇ ಒಂದು ಸ್ಪಷ್ಟನೆ ಅಗತ್ಯ. ಚಹಾ ಎಂಬುದು ಕಮೇಲಿಯಾ ಸೈನೆನ್ಸಿಸ್ ಎಂಬ ಗಿಡದ ಎಲೆಯಿಂದ ಆಗುವಂಥದ್ದು. ಗಿಡಮೂಲಿಕೆ ಚಹಾದಲ್ಲಿ ಆ ಎಲೆ ಇರುವುದಿಲ್ಲ, ಹೀಗಾಗಿ ಸಾಮಾನ್ಯವಾಗಿ ಕೆಫೀನ್ ಕೂಡ ಇರುವುದಿಲ್ಲ. ಕನ್ನಡದಲ್ಲಿ ಇದಕ್ಕೆ ಕಷಾಯ ಎಂಬ ಒಳ್ಳೆಯ ಹೆಸರು ಹಿಂದಿನಿಂದಲೂ ಇದೆ. ಆದರೆ ಕಷಾಯವೆಂದೊಡನೆ ನೆಗಡಿ, ಕೆಮ್ಮು, ಮೂಗು ಮುಚ್ಚಿ ಕುಡಿಯುವ ಲೋಟ ನೆನಪಾಗುವುದರಿಂದ, ಅದನ್ನು ರುಚಿಗಾಗಿಯೇ ನಿಧಾನವಾಗಿ ಕುಡಿಯುವ ಅಭ್ಯಾಸ ನಮ್ಮಲ್ಲಿ ಕಡಿಮೆ. ಕರಾವಳಿಯ ಮತ್ತು ಮಲೆನಾಡಿನ ಮನೆಗಳಲ್ಲಿ ಕೊತ್ತಂಬರಿ, ಜೀರಿಗೆ, ಕಾಳುಮೆಣಸು ಹುರಿದು ಪುಡಿ ಮಾಡಿ, ಬೆಲ್ಲ ಮತ್ತು ಹಾಲು ಹಾಕಿ ದಿನವೂ ಕುಡಿಯುವ ಕಷಾಯ ಇದಕ್ಕೆ ಹೊರತು.

ಮೊದಲ ಹೆಜ್ಜೆ: ಪದಗಳನ್ನು ಹೊಂದಿಸಿಕೊಳ್ಳುವುದು

ರುಚಿ ನೋಡುವವನಿಗೆ ತಕ್ಕಡಿಗಿಂತ ಮೊದಲು ಬೇಕಾದದ್ದು ಶಬ್ದ. ಆಯುರ್ವೇದವು ಮಧುರ, ಅಮ್ಲ, ಲವಣ, ಕಟು, ತಿಕ್ತ, ಕಷಾಯ ಎಂದು ಆರು ರಸಗಳನ್ನು ಹೇಳುತ್ತದೆ. ಇಲ್ಲಿ ಕಟು ಎಂದರೆ ಖಾರ, ತಿಕ್ತ ಎಂದರೆ ಕಹಿ. ಇವೆರಡನ್ನು ಅದಲುಬದಲು ಮಾಡುವವರು ಅನೇಕರು. ಆರನೆಯದಾದ ಕಷಾಯವೇ ನಮ್ಮ ಒಗರು. ಆಧುನಿಕ ಶರೀರಶಾಸ್ತ್ರದ ಪ್ರಕಾರ ಸಿಹಿ, ಹುಳಿ, ಉಪ್ಪು, ಕಹಿ ಮತ್ತು ಉಮಾಮಿ (ಅಣಬೆ, ಮಾಂಸದ ಸಾರುಗಳಲ್ಲಿ ಸಿಗುವ ರುಚಿ) ಮಾತ್ರ ನಾಲಿಗೆಯ ರುಚಿಮೊಗ್ಗುಗಳು ಹಿಡಿಯುವ ರುಚಿಗಳು. ಖಾರ ಮತ್ತು ಒಗರನ್ನು ಬಾಯಿಯ ಸ್ಪರ್ಶದ ಸಾಲಿಗೆ ಸೇರಿಸಲಾಗುತ್ತದೆ: ಖಾರವು ಬಿಸಿಯನ್ನೂ ನೋವನ್ನೂ ತಿಳಿಸುವ ನರಗಳನ್ನು ಕೆರಳಿಸುವುದರಿಂದ ಉಂಟಾಗುತ್ತದೆ, ಒಗರಿನಲ್ಲಿ ಟ್ಯಾನಿನ್‌ಗಳೆಂಬ ಸಸ್ಯದ್ರವ್ಯಗಳು ಜೊಲ್ಲಿನ ಪ್ರೋಟೀನುಗಳಿಗೆ ಅಂಟಿಕೊಂಡು ಬಾಯಿಯ ಜಾರುವಿಕೆಯನ್ನು ಕಡಿಮೆ ಮಾಡುತ್ತವೆ. ಒಗರು ಎಂದರೆ ಏನೆಂದು ಕರಾವಳಿಯವರಿಗೆ ವಿವರಿಸಬೇಕಿಲ್ಲ, ಗೇರುಹಣ್ಣು ಕಚ್ಚಿದ ನೆನಪು ಸಾಕು. ಬಯಲುಸೀಮೆಯವರಿಗೆ ನೇರಳೆ ಹಣ್ಣು ಇದೆ.

ವಾಸನೆಗೂ ಹೀಗೆಯೇ ಪದಗಳನ್ನು ಬೇರ್ಪಡಿಸಿ ಇಟ್ಟುಕೊಳ್ಳಬೇಕು. ದೂರದಿಂದಲೇ ತಿಳಿಯುವ ಹಗುರಾದ ಪರಿಮಳಕ್ಕೆ ಕಂಪು, ಬಟ್ಟಲಿನ ಮೇಲೆ ಬಾಗಿದಾಗ ತುಂಬಿಕೊಳ್ಳುವುದಕ್ಕೆ ಘಮ, ಮೂಗಿನ ಒಳಗೆ ಚುಚ್ಚುವುದಕ್ಕೆ ಘಾಟು, ಹಳೆಯ ಡಬ್ಬಿಯ ವಾಸನೆಗೆ ಮುಗ್ಗಲು ಎಂದು ನಾನು ಬರೆದುಕೊಳ್ಳುತ್ತೇನೆ. ಇನ್ನೊಂದು ಪದ ಜುಮ್ಮು. ಮಲೆನಾಡಿನ ಮತ್ತು ಕರಾವಳಿಯ ಅಡುಗೆಯಲ್ಲಿ ಬಳಸುವ ಜುಮ್ಮನಕಾಯಿಗೆ ಆ ಹೆಸರು ಬಂದಿರುವುದೇ ನಾಲಿಗೆಯನ್ನು ಜುಮ್ಮೆನ್ನಿಸುವ ಗುಣದಿಂದ; ಲವಂಗದ ಮರಗಟ್ಟಿಸುವಿಕೆ ಇದಕ್ಕಿಂತ ಬೇರೆ, ಅದು ಮಂದವಾಗಿ ಬಂದು ಅಲ್ಲಿಯೇ ಕೂರುತ್ತದೆ. ಇಂಗ್ಲಿಷಿನ ರುಚಿಚಕ್ರಗಳಲ್ಲಿ (ರುಚಿಯ ಪದಗಳನ್ನು ವೃತ್ತದಲ್ಲಿ ಜೋಡಿಸಿದ ಪಟ್ಟಿಗಳಲ್ಲಿ) ಕಾಣುವ ಬ್ಲ್ಯಾಕ್‌ಬೆರಿ, ಕ್ರ್ಯಾನ್‌ಬೆರಿಗಳನ್ನು ಎಂದೂ ತಿನ್ನದೆ ಅವುಗಳ ಹೆಸರನ್ನು ಟಿಪ್ಪಣಿಯಲ್ಲಿ ಬರೆಯುವುದರಿಂದ ಪ್ರಯೋಜನವಿಲ್ಲ. ನಿಮ್ಮ ಬಾಯಿಗೆ ಗೊತ್ತಿರುವ ಹಣ್ಣಿನ ಹೆಸರನ್ನೇ ಬರೆಯಬೇಕು.

ನಾಲಿಗೆಯ ತುದಿಯಲ್ಲಿ ಸಿಹಿ, ಅಂಚಿನಲ್ಲಿ ಹುಳಿ, ಹಿಂದೆ ಕಹಿ ಎಂದು ಶಾಲೆಯಲ್ಲಿ ನೋಡಿದ ನಕ್ಷೆಯನ್ನು ಮರೆತುಬಿಡಿ. ಜರ್ಮನಿಯ ಹೇನಿಗ್ 1901ರಲ್ಲಿ ಪ್ರಕಟಿಸಿದ ಸಣ್ಣ ವ್ಯತ್ಯಾಸಗಳ ಮಾಪನವನ್ನು ಮುಂದಿನವರು ತಪ್ಪಾಗಿ ಅರ್ಥೈಸಿದ್ದರಿಂದ ಅದು ಹುಟ್ಟಿಕೊಂಡಿತು. ರುಚಿಮೊಗ್ಗುಗಳಿರುವ ಎಲ್ಲ ಕಡೆಯೂ ಎಲ್ಲ ರುಚಿಗಳೂ ತಿಳಿಯುತ್ತವೆ, ಆದ್ದರಿಂದ ಗುಟುಕನ್ನು ಬಾಯಿಯ ತುಂಬ ಆಡಿಸಬೇಕು.

ಎರಡನೆಯ ಹೆಜ್ಜೆ: ಸಲಕರಣೆ ಮತ್ತು ನೀರು

ಒಂದೇ ಅಳತೆಯ, ಒಳಗೆ ಬಿಳಿ ಬಣ್ಣವಿರುವ ಪಿಂಗಾಣಿ ಬಟ್ಟಲುಗಳು, ಅವುಗಳಿಗೆ ಮುಚ್ಚಲು ತಟ್ಟೆಗಳು, ಗ್ರಾಂ ತೂಗುವ ಸಣ್ಣ ತಕ್ಕಡಿ, ಸೋಸುವ ಜಾಲರಿ, ಒಂದು ಚಮಚ, ಉಗುಳಲು ಒಂದು ಪಾತ್ರೆ ಇಷ್ಟಿದ್ದರೆ ಸಾಕು. ಸ್ಟೀಲ್ ಲೋಟದಲ್ಲಿ ಬಣ್ಣ ಕಾಣುವುದಿಲ್ಲ, ತುಟಿಯೂ ಸುಡುತ್ತದೆ. ತಾಮ್ರ ಮತ್ತು ಹಿತ್ತಾಳೆಯ ಪಾತ್ರೆಗಳನ್ನು ಹುಳಿ ಪದಾರ್ಥಗಳಿಗೆ ಬಳಸಲೇಬಾರದು.

ಅಳತೆಗೆ ಒಂದು ಆಧಾರ ಬೇಕು. ಚಹಾ ಎಲೆಯನ್ನು ರುಚಿ ಪರೀಕ್ಷೆಗಾಗಿ ಸಿದ್ಧಪಡಿಸುವ ಅಂತರರಾಷ್ಟ್ರೀಯ ಮಾನಕವೊಂದಿದೆ. ಐಎಸ್‌ಒ 3103 ಎಂಬ ಇದು 1980ರಲ್ಲಿ ಪ್ರಕಟವಾಗಿ 2019ರಲ್ಲಿ ಪರಿಷ್ಕೃತವಾಯಿತು. ಅದರ ಪ್ರಕಾರ 100 ಮಿಲಿ ಲೀಟರ್ ನೀರಿಗೆ 2 ಗ್ರಾಂ ಎಲೆ, ನೆನೆಯಲು 6 ನಿಮಿಷ. ಅದು ಕುಡಿಯಲು ಹಿತವಾದ ಚಹಾ ಮಾಡುವ ವಿಧಾನವಾಗಿರದೆ, ಬೇರೆ ಬೇರೆ ಮಾದರಿಗಳನ್ನು ಹೋಲಿಸಲು ಗೊತ್ತುಪಡಿಸಿದ ಸಮಾನ ನೆಲೆ. ಗಿಡಮೂಲಿಕೆಗಳಿಗೂ ಇದೇ ಪ್ರಮಾಣದಿಂದ, ಅಂದರೆ 150 ಮಿಲಿ ಲೀಟರಿನ ಬಟ್ಟಲಿಗೆ 3 ಗ್ರಾಂನಿಂದ, ಆರಂಭಿಸುವುದು ಸರಿ. ಲವಂಗ, ಒಣಶುಂಠಿಗಳಂತಹ ತೀಕ್ಷ್ಣ ಪದಾರ್ಥಗಳನ್ನು ಮಾತ್ರ 1 ಗ್ರಾಂಗೆ ಇಳಿಸಿಕೊಳ್ಳಬೇಕು. ಚಮಚದ ಅಳತೆ ಇಲ್ಲಿ ನಡೆಯುವುದಿಲ್ಲ, ಏಕೆಂದರೆ ಒಂದು ಚಮಚ ಮಜ್ಜಿಗೆಹುಲ್ಲಿಗೂ (ಲೆಮನ್‌ಗ್ರಾಸ್) ಒಂದು ಚಮಚ ಶುಂಠಿ ಪುಡಿಗೂ ತೂಕದಲ್ಲಿ ಅಜಗಜಾಂತರ.

ನೀರಿನ ಮಾತನ್ನು ಹೆಚ್ಚಿನ ಮಾರ್ಗದರ್ಶಿಗಳು ಒಂದು ಸಾಲಿನಲ್ಲಿ ಮುಗಿಸುತ್ತವೆ, ಆದರೆ ಹಣ್ಣಿನ ಕಷಾಯಗಳಲ್ಲಿ ಅರ್ಧ ರುಚಿ ನೀರಿನ ಕೈಯಲ್ಲಿದೆ. ಗಡಸು ನೀರಿನಲ್ಲಿ ಸಾಮಾನ್ಯವಾಗಿ ಇರುವ ಬೈಕಾರ್ಬನೇಟ್ ಆಮ್ಲವನ್ನು ತಟಸ್ಥಗೊಳಿಸುತ್ತದೆ. ಹೀಗಾಗಿ ಕೊಳವೆಬಾವಿಯ ಗಡಸು ನೀರಿನಲ್ಲಿ ಮಾಡಿದ ಪುಂಡಿ ಹೂವಿನ (ಪೊಟ್ಟಣಗಳಲ್ಲಿ ಹಿಬಿಸ್ಕಸ್ ಎಂದು ಬರೆಯುವುದು ಇದನ್ನೇ) ಕಷಾಯದ ಹುಳಿ ಮೊಂಡಾಗುತ್ತದೆ, ಮಾಣಿಕ್ಯದಂತಹ ಕೆಂಪು ನೇರಳೆಯ ಕಡೆಗೆ ತಿರುಗಿ ಮಂಕಾಗುತ್ತದೆ. ಒಂದೇ ಪೊಟ್ಟಣದಿಂದ ಒಂದು ಬಟ್ಟಲನ್ನು ಕೊಳವೆಬಾವಿಯ ನೀರಿನಲ್ಲಿ, ಇನ್ನೊಂದನ್ನು ಶುದ್ಧೀಕರಿಸಿದ ನೀರಿನಲ್ಲಿ ಮಾಡಿ ಪಕ್ಕಪಕ್ಕ ಇಟ್ಟು ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ. ಹಾಗೆಂದು ಖನಿಜಾಂಶವೇ ಇಲ್ಲದ ನೀರು ಕೂಡ ಸಪ್ಪೆ ಎನಿಸುತ್ತದೆ. ಮಧ್ಯಮ ಗಡಸುತನದ, ಕ್ಲೋರಿನ್ ವಾಸನೆಯಿಲ್ಲದ ನೀರು ಒಳ್ಳೆಯದು. ಕುದಿಯುವ ಬಿಂದುವೂ ಊರಿನಿಂದ ಊರಿಗೆ ಬದಲಾಗುತ್ತದೆ. ಮಂಗಳೂರಿನಲ್ಲಿ ನೀರು 100 ಡಿಗ್ರಿ ಸೆಲ್ಸಿಯಸ್‌ಗೆ ಕುದಿದರೆ, ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಸುಮಾರು 97 ಡಿಗ್ರಿಗೇ ಕುದಿಯುತ್ತದೆ, ಮಡಿಕೇರಿಯಲ್ಲಿ ಇನ್ನೂ ಒಂದು ಡಿಗ್ರಿ ಕಡಿಮೆ. ಎತ್ತರದ ಊರಿನವರು ತೊಗಟೆ ಮತ್ತು ಬೇರುಗಳಿಗೆ ಒಂದೆರಡು ನಿಮಿಷ ಹೆಚ್ಚು ಕೊಡುವುದು ಲೇಸು.

ಮೂರನೆಯ ಹೆಜ್ಜೆ: ಯಾವುದನ್ನು ನೆನೆಸಬೇಕು, ಯಾವುದನ್ನು ಕುದಿಸಬೇಕು

ಆಯುರ್ವೇದದ ಪಂಚವಿಧ ಕಷಾಯ ಕಲ್ಪನೆಯಲ್ಲಿ ಸ್ವರಸ (ಹಿಂಡಿದ ರಸ) ಮತ್ತು ಕಲ್ಕ (ಅರೆದ ಮುದ್ದೆ) ಎಂಬ ಎರಡನ್ನು ಬಿಟ್ಟರೆ ಉಳಿಯುವ ಮೂರೂ ನಮ್ಮ ಕೆಲಸಕ್ಕೆ ನೇರವಾಗಿ ಒದಗುತ್ತವೆ. ಬಿಸಿನೀರು ಸುರಿದು ಮುಚ್ಚಿಟ್ಟು ಸೋಸುವುದು ಫಾಂಟ, ನೀರಿನೊಡನೆ ಕುದಿಸಿ ಬತ್ತಿಸುವುದು ಕ್ವಾಥ, ತಣ್ಣೀರಿನಲ್ಲಿ ರಾತ್ರಿಯಿಡೀ ನೆನೆಸುವುದು ಹಿಮ. ಮಜ್ಜಿಗೆಹುಲ್ಲು, ತುಳಸಿ, ಹೂವುಗಳು, ಜಜ್ಜಿದ ಏಲಕ್ಕಿ ಇವಕ್ಕೆ ಫಾಂಟ. ಚಕ್ಕೆ, ಒಣಶುಂಠಿ, ಅತಿಮಧುರದಂತಹ ಗಟ್ಟಿ ಪದಾರ್ಥಗಳಿಗೆ ಸಣ್ಣ ಉರಿಯಲ್ಲಿ ಕ್ವಾಥ. ಸೊಗದೆ ಬೇರಿಗೆ ಹಿಮ. ಸೊಗದೆ ಬೇರಿನ ವೆನಿಲ್ಲಾದಂತಹ ಪರಿಮಳವನ್ನು ಕೊಡುವ ದ್ರವ್ಯವು ಆವಿಯೊಡನೆ ಹಾರಿಹೋಗುವಂಥದ್ದು, ಆದ್ದರಿಂದ ಬೇರನ್ನು ಅರ್ಧ ಗಂಟೆ ತೆರೆದ ಪಾತ್ರೆಯಲ್ಲಿ ಕುದಿಸಿದರೆ ಅಡುಗೆಮನೆ ಘಮಘಮಿಸುತ್ತದೆ, ಬಟ್ಟಲಿನಲ್ಲಿ ಬಣ್ಣ ಮತ್ತು ಒಗರು ಮಾತ್ರ ಉಳಿಯುತ್ತವೆ.

ಪೊಟ್ಟಣದ ಮಿಶ್ರಣಗಳ ತೊಡಕು ಇರುವುದು ಇಲ್ಲಿಯೇ. ಒಂದೇ ಚೀಲದೊಳಗೆ ಎರಡು ನಿಮಿಷಕ್ಕೆ ಬಣ್ಣ ಬಿಡುವ ಹೂವೂ, ಹತ್ತು ನಿಮಿಷವಾದರೂ ಮೆತ್ತಗಾಗದ ಸೇಬಿನ ಒಣ ಚೂರೂ ಇರುತ್ತವೆ. ಹಣ್ಣಿನ ಮಿಶ್ರಣಗಳಿಗೆ ಕುದಿಯುವ ನೀರು, 8ರಿಂದ 10 ನಿಮಿಷ, ಮುಚ್ಚಿದ ಬಟ್ಟಲು ಎಂಬ ನಿಯಮವನ್ನು ಇಟ್ಟುಕೊಳ್ಳಿ. ಕಪ್ಪು ಚಹಾದಂತೆ ಇವು ಹೆಚ್ಚು ಹೊತ್ತು ಬಿಟ್ಟರೆ ಅಸಾಧ್ಯ ಕಹಿಯಾಗುವುದು ಅಪರೂಪ. ಕಿತ್ತಳೆ ಸಿಪ್ಪೆ ಇರುವ ಮಿಶ್ರಣಗಳಲ್ಲಿ ಮಾತ್ರ ಎಚ್ಚರ ಬೇಕು.

ನಾಲ್ಕನೆಯ ಹೆಜ್ಜೆ: ಗುಟುಕು

ಊಟವಾಗಿ ಕನಿಷ್ಠ ಒಂದು ಗಂಟೆ ಕಳೆದಿರಲಿ, ಊದುಬತ್ತಿ ಹಚ್ಚಿದ ಕೋಣೆ ಬೇಡ, ಒಗ್ಗರಣೆ ಹಾಕುವ ಹೊತ್ತಂತೂ ಬೇಡವೇ ಬೇಡ. ಬೆಳಗಿನ ಹನ್ನೊಂದರ ಸುಮಾರು ನನಗೆ ಒಗ್ಗಿದ ಸಮಯ.

ಒಣ ಪದಾರ್ಥವನ್ನು ಅಂಗೈಯಲ್ಲಿಟ್ಟು ಉಸಿರಿನಿಂದ ಸ್ವಲ್ಪ ಬೆಚ್ಚಗೆ ಮಾಡಿ ಮೂಸಿ ನೋಡುವುದು ಮೊದಲ ಕೆಲಸ. ನೀರು ಸುರಿದು ಮುಚ್ಚಿ, ಹೊತ್ತು ಮುಗಿದ ಮೇಲೆ ತಟ್ಟೆಯನ್ನು ಎತ್ತಿ ಅದರ ಅಡಿಭಾಗದಲ್ಲಿ ನಿಂತ ಹನಿಗಳನ್ನು ಮೂಸಿ ನೋಡಬೇಕು. ಹಾರಿಹೋಗುವ ಎಣ್ಣೆಗಳೆಲ್ಲ ಅಲ್ಲಿ ಸಿಕ್ಕಿಬಿದ್ದಿರುತ್ತವೆ. ಒಣಗಿದ್ದಾಗಿನ ವಾಸನೆಗೂ ತಟ್ಟೆಯ ವಾಸನೆಗೂ ಇರುವ ವ್ಯತ್ಯಾಸವನ್ನು ಕೂಡಲೇ ಬರೆಯಿರಿ, ಗುಟುಕಾದ ಮೇಲೆ ಅದು ನೆನಪಿಗೆ ಬರುವುದಿಲ್ಲ. ಬಣ್ಣವನ್ನು ಹಗಲ ಬೆಳಕಿನಲ್ಲಿ ನೋಡಿ, ಬಟ್ಟಲನ್ನು ಆರಲು ಬಿಡಿ. 65 ಡಿಗ್ರಿಗಿಂತ ಬಿಸಿಯಾದ ಪಾನೀಯಗಳನ್ನು ಕುಡಿಯುವುದನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2016ರಲ್ಲಿ ಬಹುಶಃ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿದೆ. ರುಚಿಯ ದೃಷ್ಟಿಯಿಂದಲೂ ಸುಡುವ ನಾಲಿಗೆಗೆ ಏನೂ ತಿಳಿಯುವುದಿಲ್ಲ.

ಈಗ ಮೂಗನ್ನು ಬೆರಳುಗಳಿಂದ ಹಿಡಿದುಕೊಂಡು ಒಂದು ಚಮಚದಷ್ಟನ್ನು ಬಾಯಿಗೆ ತೆಗೆದುಕೊಳ್ಳಿ. ಐದರವರೆಗೆ ಎಣಿಸಿ. ಈ ಹೊತ್ತಿನಲ್ಲಿ ತಿಳಿಯುವುದು ನಾಲಿಗೆಯ ರುಚಿ ಮತ್ತು ಬಾಯಿಯ ಸ್ಪರ್ಶ ಮಾತ್ರ: ಹುಳಿ, ಸಿಹಿ, ಕಹಿ, ಒಗರು, ಖಾರ. ಆಮೇಲೆ ನುಂಗಿ, ಬಾಯಿ ಮುಚ್ಚಿಕೊಂಡೇ ಮೂಗನ್ನು ಬಿಟ್ಟು ಉಸಿರು ಹೊರಹಾಕಿ. ಗಂಟಲಿನ ಹಿಂಬದಿಯಿಂದ ಮೂಗಿಗೆ ಏರುವ ಗಾಳಿಯೊಡನೆ ಪರಿಮಳವೆಲ್ಲ ಒಮ್ಮೆಲೇ ಬರುತ್ತದೆ. ಚಕ್ಕೆಯ ಕಷಾಯದಲ್ಲಿ ಇದನ್ನು ಮೊದಲ ಬಾರಿ ಮಾಡಿದವರು ಬೆರಗಾಗುತ್ತಾರೆ. ಮೂಗು ಮುಚ್ಚಿದ್ದಾಗ ಅದು ತುಸು ಸಿಹಿಯಾದ, ಬೆಚ್ಚಗಿನ, ಒಗರು ನೀರು, ಬಿಟ್ಟ ಕ್ಷಣದಲ್ಲಿ ಚಕ್ಕೆ. ನಾವು ಹಣ್ಣಿನ ರುಚಿ ಎಂದು ಕರೆಯುವುದರ ಬಹುಪಾಲು ಹೀಗೆ ಮೂಗಿನದು, ನಾಲಿಗೆಯ ಪಾಲು ಹುಳಿ ಮತ್ತು ಸಿಹಿಯಷ್ಟೇ.

ಎರಡನೆಯ ಗುಟುಕನ್ನು ಮೂಗು ಹಿಡಿಯದೆ, ಸದ್ದಾಗುವಂತೆ ಸೊರ್ರನೆ ಎಳೆದುಕೊಳ್ಳಿ. ಮನೆಯಲ್ಲಿ ಹಿರಿಯರು ಗದರುವ ಈ ಕ್ರಮವನ್ನೇ ಚಹಾ ಮತ್ತು ಕಾಫಿಯ ರುಚಿ ಪರೀಕ್ಷಕರು ವೃತ್ತಿಯಾಗಿ ಅನುಸರಿಸುತ್ತಾರೆ, ಏಕೆಂದರೆ ಗಾಳಿಯೊಡನೆ ಬೆರೆತು ಹನಿಹನಿಯಾದ ದ್ರವ ಬಾಯಿಯ ಎಲ್ಲೆಡೆ ತಾಗುತ್ತದೆ, ಪರಿಮಳವೂ ಬೇಗ ಮೇಲೇರುತ್ತದೆ. ಮೂರನೆಯ ಗುಟುಕು ಬಟ್ಟಲು ಉಗುರುಬೆಚ್ಚಗಾದ ಮೇಲೆ. ಬಿಸಿಯಲ್ಲಿ ಅಡಗಿದ್ದ ಹುಳಿ ಮತ್ತು ಒಗರು ಆಗ ಎದ್ದು ಕಾಣುತ್ತವೆ. ಬಿಸಿಯಲ್ಲಿ ಸೊಗಸಾಗಿದ್ದು ತಣಿದಾಗ ಮುಗ್ಗಲು ಎನಿಸಿದರೆ ಪದಾರ್ಥ ಹಳೆಯದೆಂದು ತಿಳಿಯಬಹುದು.

ಪ್ರತಿ ಗುಟುಕಿಗೂ ಮೂರು ಹೊತ್ತುಗಳನ್ನು ಗುರುತಿಸಿ: ಬಾಯಿಗೆ ಬಿದ್ದೊಡನೆ ಬಂದದ್ದು, ನುಂಗುವ ವೇಳೆಗೆ ಬಂದದ್ದು, ನುಂಗಿ ಅರ್ಧ ನಿಮಿಷವಾದ ಮೇಲೂ ಉಳಿದದ್ದು. ನೆಲ್ಲಿಕಾಯಿ ತಿಂದು ನೀರು ಕುಡಿದಾಗ ಹಿಂದಿನಿಂದ ಸಿಹಿ ಬರುವುದನ್ನು ಬಲ್ಲವರಿಗೆ ಈ ಮೂರನೆಯ ಹೊತ್ತಿನ ಬೆಲೆ ಗೊತ್ತು. ಬಟ್ಟಲಿನಿಂದ ಬಟ್ಟಲಿಗೆ ಹೋಗುವಾಗ ಬೆಚ್ಚಗಿನ ನೀರಿನಿಂದ ಬಾಯಿ ಮುಕ್ಕಳಿಸಿ, ಉಪ್ಪು ಹಾಕದ ಚಪಾತಿಯ ಚೂರೊಂದನ್ನು ಜಗಿಯಿರಿ. ಒಗರು ಗುಟುಕಿನಿಂದ ಗುಟುಕಿಗೆ ಕೂಡುತ್ತಾ ಹೋಗುವುದರಿಂದ ನಡುವೆ ಎರಡು ನಿಮಿಷವಾದರೂ ಬಿಡಬೇಕು. ಖಾರದ ಬಟ್ಟಲಾದ ಮೇಲೆ ನೀರು ಸಾಲದು, ಒಂದು ಗುಟುಕು ಹಾಲು ಬೇಕು.

ಐದನೆಯ ಹೆಜ್ಜೆ: ಒಂದೊಂದಾಗಿ ಪದಾರ್ಥಗಳ ಪರಿಚಯ

ಒಂದು ಬೈಠಕ್ಕಿಗೆ ಐದಾರು ಬಟ್ಟಲು ಸಾಕು. ಎಲೆ ಮತ್ತು ಹೂವಿನ ಹಗುರ ಪರಿಮಳಗಳು ಮೊದಲು, ಹುಳಿಹಣ್ಣುಗಳು ಆಮೇಲೆ, ಖಾರದವು ನಂತರ, ಅತಿಮಧುರ ಎಲ್ಲಕ್ಕಿಂತ ಕೊನೆಗೆ ಬರಬೇಕು. ಅತಿಮಧುರದ ಗ್ಲಿಸಿರೈಜಿನ್ ಸಕ್ಕರೆಗಿಂತ ಹಲವು ಪಟ್ಟು ಸಿಹಿ. ಅದು ತಡವಾಗಿ ಬಂದು ಬಹಳ ಹೊತ್ತು ನಿಲ್ಲುವುದರಿಂದ, ಅದನ್ನು ನಡುವೆ ಇಟ್ಟರೆ ಮುಂದಿನ ಬಟ್ಟಲುಗಳೆಲ್ಲ ಸಿಹಿಯಾಗಿ ತೋರುತ್ತವೆ. ಸಕ್ಕರೆ ಹಾಕದ ಪೊಟ್ಟಣದ ಕಷಾಯ ನುಂಗಿದ ಮೇಲೆ ಸಿಹಿಯಾಗಿ ತೋರಿದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ಸೋಂಪಿನ ಸಿಹಿಯಾದರೋ ಪರಿಮಳದೊಡನೆಯೇ ಬಂದು ಬೇಗ ಇಳಿಯುತ್ತದೆ.

ಹುಳಿಯ ವಿಚಾರದಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲೋಣ, ಏಕೆಂದರೆ ಹಣ್ಣಿನ ಕಷಾಯಗಳ ಬೆನ್ನೆಲುಬು ಅದೇ. ಪೊಟ್ಟಣದಲ್ಲಿ ಹಿಬಿಸ್ಕಸ್ ಎಂದಿರುವುದನ್ನು ಮನೆಯಂಗಳದ ದಾಸವಾಳವೆಂದು ಭಾವಿಸುವವರಿದ್ದಾರೆ. ಅಂಗಳದ ದಾಸವಾಳದ ಹೂವಿನ ಕಷಾಯದಲ್ಲಿ ಹುಳಿ ತೀರ ಕಡಿಮೆ, ಲೋಳೆಯೇ ಹೆಚ್ಚು. ಚಹಾಕ್ಕೆ ಬಳಸುವುದು ಹಿಬಿಸ್ಕಸ್ ಸಬ್ದಾರಿಫಾ, ಅಂದರೆ ಉತ್ತರ ಕರ್ನಾಟಕದ ಪುಂಡಿಪಲ್ಲೆಯ ಬಳಗದ ಗಿಡ. ಅದರಲ್ಲಿ ಹೂವು ಉದುರಿದ ಮೇಲೆ ಕಾಯನ್ನು ಸುತ್ತಿಕೊಂಡು ದಪ್ಪಗಾಗುವ ಕೆಂಪು ಪುಷ್ಪಪಾತ್ರೆಯನ್ನು ಒಣಗಿಸಿ ಬಳಸುತ್ತಾರೆ. ಈಜಿಪ್ಟಿನ ಕರ್ಕಡೆ, ಸೆನೆಗಲ್ ದೇಶದ ಬಿಸಾಪ್, ಮೆಕ್ಸಿಕೋದ ಹಮೈಕಾ ಎಲ್ಲವೂ ಇದರಿಂದಲೇ ಆಗುವ ಪಾನೀಯಗಳು. ಇದರ ಹುಳಿ ಬಾಯಿಗೆ ಬಿದ್ದೊಡನೆ ಬರುತ್ತದೆ, ಚೂಪಾಗಿರುತ್ತದೆ, ನುಂಗಿದ ಮೇಲೆ ಒಗರನ್ನು ಬಿಟ್ಟು ತಾನು ಹೊರಟುಹೋಗುತ್ತದೆ.

ಅದರ ಪಕ್ಕದಲ್ಲಿ ಪುನರ್ಪುಳಿಯ ಬಟ್ಟಲನ್ನು ಇಡಿ. ದಕ್ಷಿಣ ಕನ್ನಡದವರು ಪುನರ್ಪುಳಿ ಎನ್ನುವ, ಉತ್ತರ ಕನ್ನಡದಲ್ಲಿ ಮುರುಗಲು ಎನ್ನುವ ಈ ಪಶ್ಚಿಮಘಟ್ಟದ ಹಣ್ಣಿನ ಒಣಸಿಪ್ಪೆಯ ಹುಳಿಗೆ ಮುಖ್ಯ ಕಾರಣ ಹೈಡ್ರಾಕ್ಸಿಸಿಟ್ರಿಕ್ ಆಮ್ಲ. ಇದರ ಹುಳಿ ದುಂಡಗಿರುತ್ತದೆ, ನಿಧಾನವಾಗಿ ಏರುತ್ತದೆ, ಹಿಂದೆ ಒಣದ್ರಾಕ್ಷಿಯನ್ನು ನೆನಪಿಸುವ ಸಣ್ಣ ಹಣ್ಣುತನವಿರುತ್ತದೆ. ಎರಡರ ಬಣ್ಣವೂ ಆಂಥೋಸಯಾನಿನ್ ಎಂಬ ವರ್ಣದ್ರವ್ಯಗಳಿಂದಲೇ ಬಂದದ್ದು, ಚಿಟಿಕೆ ಅಡುಗೆ ಸೋಡಾ ಹಾಕಿದರೆ ಎರಡೂ ಕೆಂಪನ್ನು ಕಳೆದುಕೊಳ್ಳುತ್ತವೆ. ಕೊಳ್ಳುವಾಗ ಒಂದು ಎಚ್ಚರ: ಅಡುಗೆಗಾಗಿ ಮಾರುವ ಸಿಪ್ಪೆಗೆ ಎಷ್ಟೋ ಸಲ ಉಪ್ಪು ಹಾಕಿ ಒಣಗಿಸಿರುತ್ತಾರೆ. ಉಪ್ಪು ಒಗರನ್ನೂ ಕಹಿಯನ್ನೂ ಮರೆಮಾಡಿ ಪರೀಕ್ಷೆಯನ್ನೇ ಕೆಡಿಸುತ್ತದೆ, ಆದ್ದರಿಂದ ಉಪ್ಪಿಲ್ಲದ ಸಿಪ್ಪೆಯನ್ನೇ ಕೇಳಿ ಪಡೆಯಬೇಕು. ಈ ಎರಡು ಬಟ್ಟಲುಗಳನ್ನು ಮೂರು ದಿನ ಬಿಡದೆ ಹೋಲಿಸಿದವರಿಗೆ ಹುಳಿ ಎಂಬುದು ಒಂದೇ ರುಚಿಯಲ್ಲ ಎಂಬುದು ಬಾಯಿಪಾಠವಾಗುತ್ತದೆ, ಆಮೇಲೆ ಯಾವ ಹಣ್ಣಿನ ಮಿಶ್ರಣವೂ ಅವರನ್ನು ಸುಲಭವಾಗಿ ಮೋಸಗೊಳಿಸಲಾರದು.

ಚಕ್ಕೆಯಲ್ಲಿ ಎರಡು ಜಾತಿ. ಸಿಂಹಳದ ಅಸಲಿ ದಾಲ್ಚಿನ್ನಿ ಕಾಗದದಂತಹ ತೆಳುಪದರಗಳ ಸುರುಳಿ. ಬೆರಳಿನಲ್ಲಿ ಪುಡಿಯಾಗುತ್ತದೆ, ಪರಿಮಳ ಮೃದು. ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವ ದಪ್ಪ, ಗಟ್ಟಿ ತೊಗಟೆ ಕ್ಯಾಸಿಯಾ. ಅದು ಬಿರುಸು, ಹೆಚ್ಚು ಹೊತ್ತು ನೆನೆದರೆ ಲೋಳೆ ಬಿಡುತ್ತದೆ. ಕ್ಯಾಸಿಯಾದಲ್ಲಿ ಕೂಮರಿನ್ ಎಂಬ ದ್ರವ್ಯ ಹೆಚ್ಚು. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವು ದಿನನಿತ್ಯದ ಸೇವನೆಗೆ ದೇಹತೂಕದ ಪ್ರತಿ ಕಿಲೋಗೆ 0.1 ಮಿಲಿಗ್ರಾಂ ಮಿತಿಯನ್ನು ಹೇಳಿದೆ. ದಿನವೂ ಚಕ್ಕೆ ಕಷಾಯ ಕುಡಿಯುವವರು ಸುರುಳಿಯ ಜಾತಿಯನ್ನೇ ಆರಿಸಿಕೊಳ್ಳುವುದು ಉತ್ತಮ.

ಶುಂಠಿಯನ್ನು ಹಸಿ ಮತ್ತು ಒಣ ಎಂದು ಎರಡು ಬಟ್ಟಲುಗಳಲ್ಲಿ ನೋಡಬೇಕು. ಹಸಿಶುಂಠಿಯ ಜಿಂಜರಾಲ್ ಒಣಗುವಾಗ ಶೋಗಾಲ್ ಆಗಿ ಬದಲಾಗುತ್ತದೆ, ಅದು ಇನ್ನೂ ಖಾರ. ಹಸಿಶುಂಠಿಯಲ್ಲಿ ನಿಂಬೆಯಂತಹ ಕಂಪು ಮೊದಲು ಬಂದು ಖಾರ ಹಿಂಬಾಲಿಸುತ್ತದೆ. ಒಣಶುಂಠಿಯಲ್ಲಿ ಕಂಪು ಮಾಸಿ, ಖಾರ ಗಂಟಲಿನಲ್ಲಿ ಎದ್ದು ನಿಲ್ಲುತ್ತದೆ. ಕಾಳುಮೆಣಸಿನ ಪೈಪರಿನ್ ನೀರಿನಲ್ಲಿ ಕರಗುವುದು ಬಹಳ ಕಡಿಮೆ, ಹೀಗಾಗಿ ಇಡೀ ಕಾಳನ್ನು ನೆನೆಸಿದರೆ ಪರಿಮಳ ಮಾತ್ರ ಬರುತ್ತದೆ, ಖಾರ ಬೇಕಾದರೆ ಜಜ್ಜಿ ಕುದಿಸಬೇಕು. ಏಲಕ್ಕಿಯ ತಂಪು ಸಿನಿಯೋಲ್‌ನದು, ನೀಲಗಿರಿ ಎಣ್ಣೆಯಲ್ಲಿ ಇರುವುದೂ ಅದೇ. ಏಲಕ್ಕಿಯನ್ನು ಅತಿಯಾಗಿ ಹಾಕಿದ ಕಷಾಯ ಔಷಧಿಯಂತೆ ತೋರಲು ಇದೇ ಕಾರಣ. ಲವಂಗ ಮತ್ತು ತುಳಸಿ ಎರಡರಲ್ಲಿಯೂ ಯೂಜಿನಾಲ್ ಇರುವುದರಿಂದ ಮಿಶ್ರಣದಲ್ಲಿ ಒಂದನ್ನು ಇನ್ನೊಂದೆಂದು ತಪ್ಪಾಗಿ ಗುರುತಿಸುವುದು ಸುಲಭ. ನಾಲಿಗೆ ಮರಗಟ್ಟಿತೇ ಎಂದು ನೋಡಿ, ಮರಗಟ್ಟಿದ್ದರೆ ಲವಂಗ.

ಆರನೆಯ ಹೆಜ್ಜೆ: ಪೊಟ್ಟಣದ ಮಿಶ್ರಣವನ್ನು ಬಿಡಿಸುವುದು

ಈಗ ಕೊಂಡು ತಂದ ಮಿಶ್ರಣವನ್ನು ಬಿಳಿ ತಟ್ಟೆಯ ಮೇಲೆ ಹರಡಿ, ಚಿಮುಟದಿಂದ ಚೂರುಗಳನ್ನು ಗುಂಪು ಮಾಡಿ. ಚೀಲದ ರೂಪದಲ್ಲಿದ್ದರೆ ಒಂದು ಚೀಲವನ್ನು ಕತ್ತರಿಸಲು ಹಿಂಜರಿಯಬಾರದು. ಪಟ್ಟಿಯಲ್ಲಿ ಹೆಸರಿಸಿದ ಹಣ್ಣು ಕಣ್ಣಿಗೆ ಬೀಳದಿದ್ದರೂ ಅದರ ಪರಿಮಳ ಮಾತ್ರ ಗಾಢವಾಗಿದ್ದರೆ, ಅದು ಸೇರಿಸಿದ ಸುವಾಸನಾ ದ್ರವ್ಯದಿಂದ ಬಂದಿರುವ ಸಾಧ್ಯತೆ ಹೆಚ್ಚು. ಇದನ್ನು ಪರೀಕ್ಷಿಸಲು ಅದೇ ಪದಾರ್ಥಕ್ಕೆ ಎರಡನೆಯ ಬಾರಿ ಬಿಸಿನೀರು ಸುರಿಯಿರಿ. ಮೇಲೆ ಸಿಂಪಡಿಸಿದ ಸುವಾಸನೆ ಮೊದಲ ನೀರಿನಲ್ಲಿಯೇ ಬಹುತೇಕ ಹೋಗಿರುತ್ತದೆ. ನಿಜವಾದ ಚಕ್ಕೆ, ಶುಂಠಿ, ಒಣಹಣ್ಣು ಎರಡನೆಯ ನೀರಿಗೂ ಏನನ್ನಾದರೂ ಉಳಿಸಿಕೊಂಡಿರುತ್ತವೆ. ಸುವಾಸನೆ ಸೇರಿಸುವುದು ತಪ್ಪೆಂದು ನಾನು ಹೇಳುವುದಿಲ್ಲ, ಒಣಗಿದ ಸೇಬು ಮತ್ತು ಮಾವಿನ ಚೂರುಗಳು ಹತ್ತು ನಿಮಿಷದಲ್ಲಿ ಮೈತುಂಬಿದ ಸಿಹಿಯನ್ನಷ್ಟೇ ಕೊಡಬಲ್ಲವು, ತಾಜಾ ಹಣ್ಣಿನ ಕಂಪನ್ನು ಕೊಡಲಾರವು. ಆದರೆ ಯಾವುದಕ್ಕೆ ಹಣ ಕೊಡುತ್ತಿದ್ದೇವೆಂಬುದು ಕುಡಿಯುವವರಿಗೆ ತಿಳಿದಿರಬೇಕು.

ಪಟ್ಟಿಯನ್ನು ಓದದೆ ಮೊದಲು ರುಚಿ ನೋಡಿ, ನಿಮಗೆ ಸಿಕ್ಕಿದ ಪದಾರ್ಥಗಳನ್ನು ಬರೆದು, ಆಮೇಲೆ ಓದಿ ಹೋಲಿಸುವುದು ಅತ್ಯುತ್ತಮ ಅಭ್ಯಾಸ. ಆರಂಭದಲ್ಲಿ ಏಳರಲ್ಲಿ ಮೂರು ಹಿಡಿದರೆ ಸಂತೋಷಪಡಬೇಕು. ತಪ್ಪಿದ ಪದಾರ್ಥವನ್ನು ಮರುದಿನ ಒಂಟಿಯಾಗಿ ನೆನೆಸಿ ನೋಡಿ.

ನಿಮ್ಮ ನಾಲಿಗೆಯನ್ನೇ ಪರೀಕ್ಷಿಸಿಕೊಳ್ಳಲು ತ್ರಿಕೋನ ಪರೀಕ್ಷೆಯೆಂಬ ಸರಳ ವಿಧಾನವಿದೆ. ಮನೆಯವರೊಬ್ಬರು ಮೂರು ಬಟ್ಟಲುಗಳಲ್ಲಿ ಎರಡಕ್ಕೆ ಒಂದೇ ಕಷಾಯವನ್ನೂ ಮೂರನೆಯದಕ್ಕೆ ಸ್ವಲ್ಪ ಬೇರೆಯದನ್ನೂ ತುಂಬಿ ಕೊಡಲಿ. ಉದಾಹರಣೆಗೆ ಎರಡರಲ್ಲಿ ಪುನರ್ಪುಳಿ ಮಾತ್ರ, ಒಂದರಲ್ಲಿ ಪುನರ್ಪುಳಿಯೊಡನೆ ಸ್ವಲ್ಪ ಪುಂಡಿ. ಬಣ್ಣ ಗುಟ್ಟು ಬಿಡದಂತೆ ಕಣ್ಣು ಮುಚ್ಚಿಕೊಂಡು, ಬೇರೆಯಾದದ್ದನ್ನು ಗುರುತಿಸಿ. ಕುರುಡು ಊಹೆಯಿಂದಲೇ ಮೂರರಲ್ಲಿ ಒಂದು ಸಲ ಸರಿಯಾಗುತ್ತದೆ, ಆದ್ದರಿಂದ ಒಂದು ಗೆಲುವಿಗೆ ಅರ್ಥವಿಲ್ಲ. ನಾಲ್ಕು ಸಲ ಸತತವಾಗಿ ಸರಿಯಾದರೆ ಅದು ಊಹೆಯಿಂದ ಆಗುವ ಸಂಭವ 81ರಲ್ಲಿ 1 ಮಾತ್ರ.

ಸಕ್ಕರೆ, ಬೆಲ್ಲ, ಜೇನುತುಪ್ಪಗಳನ್ನು ಪರೀಕ್ಷೆಯೆಲ್ಲ ಮುಗಿದ ಮೇಲೆ, ಉಳಿದ ಕಷಾಯಕ್ಕೆ ಹಾಕಿ ನೋಡಬಹುದು. ಪುನರ್ಪುಳಿಗೆ ಬೆಲ್ಲ ಒಪ್ಪುತ್ತದೆ, ಪುಂಡಿಗೆ ಸಕ್ಕರೆ. ಬೆಲ್ಲದ ಸ್ವಂತ ಪರಿಮಳ ಪುಂಡಿಯ ಚೂಪನ್ನು ಕೆಸರು ಮಾಡುತ್ತದೆ ಎಂಬುದು ನನ್ನ ಅನುಭವ. ಹುಳಿಯ ಕಷಾಯಗಳಿಗೆ ಹಾಲು ಹಾಕಿದರೆ ಒಡೆಯುತ್ತದೆ.

ಔಷಧಿ ತೆಗೆದುಕೊಳ್ಳುವವರಿಗೆ ಒಂದು ಮಾತು. ಅತಿಮಧುರವನ್ನು ಹೆಚ್ಚಾಗಿ, ಬಹುದಿನ ಸೇವಿಸಿದರೆ ರಕ್ತದೊತ್ತಡ ಏರಬಹುದು. ಪುಂಡಿಯ ಕಷಾಯ ರಕ್ತದೊತ್ತಡವನ್ನು ಇಳಿಸುವ ಗುಣವುಳ್ಳದ್ದು. ರಕ್ತದೊತ್ತಡದ ಮಾತ್ರೆ ನುಂಗುವವರು ಮತ್ತು ಗರ್ಭಿಣಿಯರು ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು, ಪರೀಕ್ಷೆಯ ದಿನ ಉಗುಳುವ ಪಾತ್ರೆಯನ್ನು ಸಂಕೋಚವಿಲ್ಲದೆ ಬಳಸಬೇಕು.

ಉಳಿದ ಒಣ ಪದಾರ್ಥಗಳನ್ನು ಒಂದೊಂದನ್ನೂ ಬೇರೆ ಬೇರೆ ಗಾಜಿನ ಭರಣಿಯಲ್ಲಿ, ಬೆಳಕು ಬೀಳದ ಕಡೆ ಇಡಿ. ಲವಂಗದ ಪಕ್ಕದಲ್ಲಿ ಸಡಿಲ ಮುಚ್ಚಳದ ಡಬ್ಬಿಯಲ್ಲಿಟ್ಟ ಮಜ್ಜಿಗೆಹುಲ್ಲು ವಾರದೊಳಗೆ ಲವಂಗದ ವಾಸನೆ ಹಿಡಿಯುತ್ತದೆ. ಭರಣಿಯ ಮೇಲೆ ತಂದ ತಿಂಗಳನ್ನು ಬರೆದಿಡಿ. ಆರು ತಿಂಗಳಾದ ಮೇಲೆ ಅದೇ ಪದಾರ್ಥವನ್ನು ಹೊಸದಾಗಿ ತಂದು, ಹಳೆಯದರ ಪಕ್ಕದಲ್ಲಿ ಅದೇ ನೀರಿನಲ್ಲಿ, ಅದೇ ತೂಕದಲ್ಲಿ, ಅಷ್ಟೇ ಹೊತ್ತು ನೆನೆಸಿ, ಮುಚ್ಚಿದ ತಟ್ಟೆಯ ಹನಿಯನ್ನು ಮೊದಲು ಮೂಸಿ ನೋಡಿ.